ಉಪಗ್ರಹವೋ ಉಲ್ಕೆಯೋ: ಗೆರೆಯ ಆಕಾರಕ್ಕಿಂತ ಮೊದಲು ಗಡಿಯಾರ ನೋಡಿ

ಪ್ರಶ್ನೆ: ಡಿಸೆಂಬರಿನಲ್ಲಿ ಜೆಮಿನಿಡ್ ಉಲ್ಕಾವರ್ಷ ನೋಡಲು ತುಮಕೂರಿನ ಬಳಿಯ ನಮ್ಮ ತೋಟಕ್ಕೆ ಹೋಗಿದ್ದಾಗ ತೆಗೆದ ಚಿತ್ರಗಳಲ್ಲಿ ಮೂರು ಬಗೆಯ ಗೆರೆಗಳು ಮೂಡಿವೆ. ಮೊದಲನೆಯದು 13ರ ಸಂಜೆ 7:20ಕ್ಕೆ, ಟ್ರೈಪಾಡಿನ ಮೇಲೆ 14 ಮಿ.ಮೀ. ಲೆನ್ಸಿನಿಂದ ತಲಾ 20 ಸೆಕೆಂಡು ತೆಗೆದ ಮೂರು ಫ್ರೇಮುಗಳಲ್ಲಿದೆ. ಗೆರೆ ನೆತ್ತಿಯ ಕಡೆಯಿಂದ ಹೊರಟು ಕೃತ್ತಿಕೆಯತ್ತ ಸಾಗಿ, ಅದನ್ನು ಮುಟ್ಟುವ ಮೊದಲೇ ಮಸುಕಾಗಿ ಮಾಯವಾಗುತ್ತದೆ. ಎರಡನೆಯದು ಅದೇ ರಾತ್ರಿ 12:10ಕ್ಕೆ ಒಂದೇ ಫ್ರೇಮಿನಲ್ಲಿ, ಆರ್ದ್ರಾ ನಕ್ಷತ್ರದ ಬಳಿಯಿಂದ ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ನಡುಪಟ್ಟಿಯ ಬಲಬದಿಗೆ ಇಳಿದಿದೆ. ಎರಡೂ ತುದಿ ಚೂಪು, ನಡು ದಪ್ಪ, ಮೊದಲ ಭಾಗ ಹಸಿರು. ಮೂರನೆಯದು 15ರ ರಾತ್ರಿ 11:45ರಿಂದ, ಆಕಾಶದ ಜೊತೆಗೆ ಕ್ಯಾಮೆರಾವನ್ನು ತಿರುಗಿಸುವ ಸ್ಟಾರ್ ಟ್ರ್ಯಾಕರ್ ಮೇಲೆ 135 ಮಿ.ಮೀ. ಲೆನ್ಸಿಟ್ಟು ಹಾರ್ಸ್‌ಹೆಡ್ ನೀಹಾರಿಕೆಯನ್ನು 60 ಸೆಕೆಂಡಿನ 40 ಫ್ರೇಮುಗಳಲ್ಲಿ ಹಿಡಿದಾಗ ಬಂದದ್ದು. ಪ್ರತಿ ಫ್ರೇಮಿನಲ್ಲೂ ಮಸುಕಾದ, ಒಂದೇ ಅಳತೆಯ, ಸುಮಾರು 137 ಪಿಕ್ಸೆಲ್ ಉದ್ದದ ಪುಟ್ಟ ಗೆರೆಗಳಿವೆ. ಕೆಲವು ಎರಡು ಮೂರು ಒಟ್ಟಿಗಿವೆ. ಇವು ಕ್ಷುದ್ರಗ್ರಹಗಳೇ, ಸೆನ್ಸರಿನ ದೋಷವೇ? ಈ ಮೂರರಲ್ಲಿ ಉಪಗ್ರಹ ಯಾವುದು, ಉಲ್ಕೆ ಯಾವುದು, ಉಪಗ್ರಹವಾದರೆ ಅದರ ಹೆಸರು ತಿಳಿಯುವುದು ಹೇಗೆ?

ಉತ್ತರ: ನೀವು ಪ್ರತಿ ಚಿತ್ರದ ಸಮಯ, ದಿಕ್ಕು ಮತ್ತು ಎಕ್ಸ್‌ಪೋಷರ್ ಮೂರನ್ನೂ ಬರೆದು ಕಳಿಸಿದ್ದರಿಂದಲೇ ಈ ಉತ್ತರ ಸಾಧ್ಯವಾಗಿದೆ. ಸಾಮಾನ್ಯವಾಗಿ ನನ್ನ ಬಳಿಗೆ ಬರುವ ಚಿತ್ರಗಳಲ್ಲಿ ಗೆರೆ ಮಾತ್ರ ಇರುತ್ತದೆ. ಗೆರೆಯ ಆಕಾರವನ್ನಷ್ಟೇ ನೋಡಿ ತೀರ್ಪು ಕೊಡುವುದು ಎಷ್ಟೋ ವರ್ಷ ಈ ಕೆಲಸ ಮಾಡಿದವರನ್ನೂ ದಾರಿ ತಪ್ಪಿಸುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಹೊತ್ತಿನಲ್ಲಿ, ಆ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿರುವ ವಸ್ತುವಿನ ಮೇಲೆ ಬಿಸಿಲು ಬೀಳುತ್ತಿತ್ತು?

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾದ ಮೇಲೂ ಎತ್ತರದಲ್ಲಿರುವ ಅದರ ಮೇಲೆ ಬಿಸಿಲು ಬೀಳುತ್ತಿದ್ದರೆ ಮಾತ್ರ ಅದು ಕಾಣುತ್ತದೆ. ಸೂರ್ಯ ಕಂತಿದ ಮೇಲೆ ಭೂಮಿಯ ನೆರಳು ಪೂರ್ವ ದಿಗಂತದಿಂದ ಏಳುತ್ತಾ ಬಂದು ನೆತ್ತಿಯನ್ನು ದಾಟಿ ಪಶ್ಚಿಮದ ಕಡೆಗೆ ಹರಡುತ್ತದೆ. 550 ಕಿ.ಮೀ. ಎತ್ತರದಲ್ಲಿ ನಮ್ಮ ನೆತ್ತಿಯ ಮೇಲಿರುವ ಉಪಗ್ರಹ, ಸೂರ್ಯ ದಿಗಂತದಿಂದ 23 ಡಿಗ್ರಿ ಕೆಳಗಿಳಿಯುವವರೆಗೆ ಬಿಸಿಲಿನಲ್ಲಿರುತ್ತದೆ. ಡಿಸೆಂಬರ್ ನಡುಭಾಗದಲ್ಲಿ ತುಮಕೂರಿನ ಅಕ್ಷಾಂಶದಲ್ಲಿ ಇದು ಸೂರ್ಯಾಸ್ತದಿಂದ ಸುಮಾರು ಒಂದು ಗಂಟೆ ನಲವತ್ತು ನಿಮಿಷದ ಅವಧಿ. ಪಶ್ಚಿಮ ದಿಗಂತದ ಅಂಚಿನಲ್ಲಿರುವ ಅದೇ ಎತ್ತರದ ಉಪಗ್ರಹಕ್ಕೆ ಸೂರ್ಯ 46 ಡಿಗ್ರಿ ಇಳಿಯುವವರೆಗೆ, ಅಂದರೆ ಮೂರೂಕಾಲು ಗಂಟೆಯಷ್ಟು ಅವಕಾಶವಿದೆ. ಅಲ್ಲಿಗೆ ಮುಗಿಯಿತು. ರಾತ್ರಿ ಸುಮಾರು ಒಂಬತ್ತೂಕಾಲರಿಂದ ಬೆಳಗಿನ ಜಾವ ಮೂರು ಗಂಟೆ ದಾಟುವವರೆಗೆ 550 ಕಿ.ಮೀ. ಎತ್ತರದ ಯಾವ ಉಪಗ್ರಹವೂ ನಿಮ್ಮ ತೋಟದ ಆಕಾಶದಲ್ಲಿ ಬಿಸಿಲು ಕಾಣುವುದಿಲ್ಲ. ಉತ್ತರ ಯುರೋಪಿನಲ್ಲಿ ಬೇಸಿಗೆಯ ರಾತ್ರಿಯಿಡೀ ಸೂರ್ಯ ದಿಗಂತದ ಹತ್ತಿರವೇ ಇರುವುದರಿಂದ ಅಲ್ಲಿನ ಛಾಯಾಗ್ರಾಹಕರಿಗೆ ನಡುರಾತ್ರಿಯಲ್ಲೂ ಉಪಗ್ರಹಗಳ ಕಾಟ ತಪ್ಪದು. ಅವರು ಬರೆದ ಸೂಚನೆಗಳನ್ನು ನಾವು ಹಾಗೆಯೇ ಅನ್ವಯಿಸಿಕೊಂಡರೆ ತಪ್ಪಾಗುವುದು ಇಲ್ಲಿಯೇ.

ಈ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡು ಮೊದಲ ಚಿತ್ರವನ್ನು ನೋಡೋಣ. ಸಂಜೆ 7:20ಕ್ಕೆ ಸೂರ್ಯ ದಿಗಂತದಿಂದ ಸುಮಾರು 19 ಡಿಗ್ರಿ ಕೆಳಗಿದ್ದ. ನೆತ್ತಿಯ ಮೇಲಿನ 550 ಕಿ.ಮೀ. ಎತ್ತರದ ವಸ್ತು ಇನ್ನೂ ಬಿಸಿಲಿನಲ್ಲಿತ್ತು, ಆದರೆ ಪೂರ್ವದಲ್ಲಿ ದಿಗಂತದಿಂದ ಸುಮಾರು 50 ಡಿಗ್ರಿಗಿಂತ ಕೆಳಗಿನ ಭಾಗವನ್ನು ಅದೇ ಎತ್ತರದಲ್ಲಿ ನೆರಳು ಆವರಿಸಿಯಾಗಿತ್ತು. ಆ ಹೊತ್ತಿಗೆ ಕೃತ್ತಿಕೆ ಪೂರ್ವದಲ್ಲಿ 40 ಡಿಗ್ರಿ ಎತ್ತರದಲ್ಲಿತ್ತು. ನಿಮ್ಮ ಗೆರೆ ನೆತ್ತಿಯ ಕಡೆಯಿಂದ ಬಂದು, ಮೇಷ ರಾಶಿಯನ್ನು ದಾಟಿ, ಕೃತ್ತಿಕೆಯನ್ನು ಮುಟ್ಟುವ ಮೊದಲು ಕೆಲವು ಸೆಕೆಂಡುಗಳಲ್ಲಿ ಮಸುಕಾಗಿರುವುದು ಈ ನೆರಳಿನ ಅಂಚಿಗೆ ಸರಿಯಾಗಿ ಹೊಂದುತ್ತದೆ. ಉಪಗ್ರಹ ಅಲ್ಲಿ ಇಲ್ಲವಾಗಲಿಲ್ಲ. ಅದರ ಪಾಲಿನ ಸೂರ್ಯಾಸ್ತ ಅಲ್ಲಿ ಆಯಿತು.

ವೇಗವನ್ನೂ ಅಳೆದು ನೋಡಬಹುದು, ಅದಕ್ಕೆ ಆಕಾಶದಲ್ಲೇ ಅಳತೆಗೋಲು ಇದೆ. ಕೃತ್ತಿಕೆಗೂ ರೋಹಿಣಿಗೂ ನಡುವೆ ಸುಮಾರು 14 ಡಿಗ್ರಿ, ಆರ್ದ್ರೆಯಿಂದ ರೈಜೆಲ್‌ಗೆ ಸುಮಾರು 18.5 ಡಿಗ್ರಿ, ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಒಟ್ಟು ಉದ್ದ 2.7 ಡಿಗ್ರಿ. ಈ ಅಳತೆಯಲ್ಲಿ ಮೊದಲ ಚಿತ್ರದ ಮೂರು ಫ್ರೇಮುಗಳಲ್ಲಿ ಎರಡನೆಯದರ ಗೆರೆ ಸುಮಾರು 12 ಡಿಗ್ರಿ ಇದೆ. 20 ಸೆಕೆಂಡಿನಲ್ಲಿ 12 ಡಿಗ್ರಿ ಎಂದರೆ ಸೆಕೆಂಡಿಗೆ 0.6 ಡಿಗ್ರಿ. ನೆತ್ತಿಯ ಮೇಲೆ ಹಾದುಹೋಗುವಾಗ ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ ಒಂದು ಡಿಗ್ರಿಯ ಆಸುಪಾಸು, 550 ಕಿ.ಮೀ. ಎತ್ತರದ ಸ್ಟಾರ್‌ಲಿಂಕ್ ಅಂತರ್ಜಾಲ ಉಪಗ್ರಹ 0.8 ಡಿಗ್ರಿಯ ಆಸುಪಾಸು ಸರಿಯುತ್ತವೆ, ನೆತ್ತಿಯಿಂದ ಕೆಳಗಿಳಿದಂತೆ ದೂರ ಹೆಚ್ಚಿ ಆ ವೇಗ ಕುಗ್ಗುತ್ತದೆ. 60 ಡಿಗ್ರಿ ಎತ್ತರದಲ್ಲಿ ದೂರ ಸರಿಯುತ್ತಿರುವ 550 ಕಿ.ಮೀ.ಯ ಉಪಗ್ರಹಕ್ಕೆ ಸೆಕೆಂಡಿಗೆ 0.6 ಡಿಗ್ರಿ ಸಹಜವಾದ ವೇಗ. ನೆರಳು ಹೇಳಿದ್ದನ್ನೇ ವೇಗವೂ ಹೇಳುತ್ತಿದೆ. ಎರಡು ಫ್ರೇಮುಗಳ ನಡುವೆ ಗೆರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಕಡಿದುಹೋಗಿರುವುದು ಶಟರ್ ಮುಚ್ಚಿ ತೆರೆಯಲು ನಿಮ್ಮ ಕ್ಯಾಮೆರಾ ತೆಗೆದುಕೊಂಡ ಒಂದು ಸೆಕೆಂಡಿನ ಗುರುತು.

ವಿಮಾನದ ಅನುಮಾನವನ್ನು ಇಲ್ಲಿಯೇ ಕಳೆಯುತ್ತೇನೆ. ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯ ತುದಿಯಲ್ಲಿ ಹಸಿರು ದೀಪ, ಜೊತೆಗೆ ಮಿಣುಕುವ ಬಿಳಿ ದೀಪ ಇರುವುದರಿಂದ ಅದರ ಜಾಡು ಸಮಾನಾಂತರ ಬಣ್ಣದ ಗೆರೆಗಳ ಮೇಲೆ ಮಣಿ ಪೋಣಿಸಿದಂತೆ ಕಾಣುತ್ತದೆ. ನಿಮ್ಮ ಗೆರೆ ಒಂದೇ, ಬಿಳಿ, ನಯ. ಕೆಲಸ ಮುಗಿಸಿ ಉರುಳುತ್ತಾ ಸುತ್ತುವ ರಾಕೆಟ್ ಹಂತಗಳ ಜಾಡೂ ಏರಿಳಿಯುತ್ತದೆ, ಆದರೆ ಅಲ್ಲಿ ಮಣಿಗಳಿಲ್ಲ, ನಿಯಮಿತವಾದ ಉಬ್ಬು ತಗ್ಗು ಮಾತ್ರ.

ಇನ್ನು ಹೆಸರಿನ ವಿಚಾರ. ಚಿತ್ರವನ್ನು ಆಸ್ಟ್ರೋಮೆಟ್ರಿ.ನೆಟ್ ಎಂಬ ಜಾಲತಾಣಕ್ಕೆ ಕೊಟ್ಟರೆ ಅದು ನಕ್ಷತ್ರಗಳನ್ನು ಗುರುತಿಸಿ, ಗೆರೆಯ ಎರಡೂ ತುದಿಗಳ ಆಕಾಶ ನಿರ್ದೇಶಾಂಕಗಳನ್ನು ತಿಳಿಯುವಂತೆ ಮಾಡುತ್ತದೆ. ಅನಂತರ ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲೇರಿಯಮ್ ತಂತ್ರಾಂಶದ ಉಪಗ್ರಹಗಳ ಪ್ಲಗಿನ್‌ನಲ್ಲಿ ನಿಮ್ಮ ಸ್ಥಳ, ದಿನಾಂಕ, ಸಮಯ ಹೊಂದಿಸಿ, ಅದೇ ದಾರಿಯಲ್ಲಿ ಅದೇ ಕ್ಷಣದಲ್ಲಿ ಸಾಗುವ ಉಪಗ್ರಹವನ್ನು ಹುಡುಕಬೇಕು. ಹೆವನ್ಸ್-ಅಬೌವ್ ತಾಣದಲ್ಲೂ ಪ್ರಕಾಶಮಾನ ಉಪಗ್ರಹಗಳ ದಿನವಾರು ಪಟ್ಟಿ ಸಿಗುತ್ತದೆ. ಇವೆಲ್ಲವೂ ಎರಡು ಸಾಲಿನ ಅಂಕಿಗಳಾಗಿ ಪ್ರಕಟವಾಗುವ ಕಕ್ಷಾ ವಿವರಗಳನ್ನೇ ಆಧರಿಸಿವೆ, ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಅವು ಮುಕ್ತವಾಗಿ ದೊರೆಯುತ್ತವೆ. ಕೆಳಕಕ್ಷೆಯ ಉಪಗ್ರಹಗಳನ್ನು ವಿರಳ ಗಾಳಿ ಸದಾ ತಡೆಯುತ್ತಿರುವುದರಿಂದಲೂ, ಸ್ಟಾರ್‌ಲಿಂಕ್‌ನಂಥವು ತಮ್ಮ ಕಕ್ಷೆಯನ್ನು ತಾವೇ ತಿದ್ದಿಕೊಳ್ಳುವುದರಿಂದಲೂ ವಾರಗಟ್ಟಲೆ ಹಳೆಯ ವಿವರಗಳನ್ನು ನಂಬಬಾರದು. ಚಿತ್ರ ತೆಗೆದ ದಿನಕ್ಕೆ ಅತಿ ಹತ್ತಿರದ ವಿವರಗಳೇ ಬೇಕು.

ಈ ಕೆಲಸ ಬಹುಪಾಲು ಕೆಡುವುದು ಕ್ಯಾಮೆರಾದ ಗಡಿಯಾರದಿಂದ. ಕೈಯಾರೆ ಸಮಯ ಹೊಂದಿಸಿದ ಕ್ಯಾಮೆರಾ ನಾಲ್ಕು ನಿಮಿಷ ಮುಂದೆ ಹಿಂದೆ ಇರುವುದು ಸಾಮಾನ್ಯ, ಆದರೆ ಆ ನಾಲ್ಕು ನಿಮಿಷದಲ್ಲಿ ಉಪಗ್ರಹ 1,800 ಕಿ.ಮೀ. ದಾಟಿರುತ್ತದೆ. ಸ್ಟಾರ್‌ಲಿಂಕ್‌ನ ವಿಷಯದಲ್ಲಿ ಇನ್ನೊಂದು ತೊಡಕಿದೆ. 550 ಕಿ.ಮೀ. ಎತ್ತರದ ಅದರ ಮೊದಲ ವಿನ್ಯಾಸದಲ್ಲಿ 72 ಕಕ್ಷಾತಲಗಳು, ಪ್ರತಿ ತಲದಲ್ಲಿ 22 ಉಪಗ್ರಹಗಳು. ಒಂದು ಸುತ್ತಿಗೆ ಸುಮಾರು 95 ನಿಮಿಷವಾದ್ದರಿಂದ ಒಂದರ ಹಿಂದೆ ಇನ್ನೊಂದು ಸರಿಸುಮಾರು ನಾಲ್ಕು ನಿಮಿಷದ ಅಂತರದಲ್ಲಿ ಬರುತ್ತದೆ. ಗಡಿಯಾರ ನಾಲ್ಕು ನಿಮಿಷ ತಪ್ಪಿದ್ದರೆ ನೀವು ಪೂರ್ಣ ವಿಶ್ವಾಸದಿಂದ ಅದರ ನೆರೆಯ ಉಪಗ್ರಹದ ಹೆಸರನ್ನು ಬರೆದುಕೊಳ್ಳುವಿರಿ. ಇದನ್ನು ಪತ್ತೆಹಚ್ಚಲು ಒಂದು ದಾರಿಯಿದೆ. ಆ ನಾಲ್ಕು ನಿಮಿಷದಲ್ಲಿ ಭೂಮಿ ಒಂದು ಡಿಗ್ರಿ ತಿರುಗಿರುವುದರಿಂದ, ನೆರೆಯ ಉಪಗ್ರಹದ ದಾರಿ ನಕ್ಷತ್ರಗಳ ನಡುವೆ ನಿಮ್ಮ ಗೆರೆಗೆ ಸಮಾನಾಂತರವಾಗಿದ್ದರೂ ಹಲವು ಡಿಗ್ರಿ ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ ಸಮಯ ಹೊಂದಿತೆಂದು ನಿಲ್ಲಿಸಬೇಡಿ. ಗೆರೆ ಯಾವ ನಕ್ಷತ್ರದ ಯಾವ ಬದಿಗೆ ಹಾದಿದೆ ಎಂಬುದೂ ಹೊಂದಬೇಕು. ಪ್ರತಿ ರಾತ್ರಿ ಕೆಲಸ ಶುರುಮಾಡುವಾಗ ಮೊಬೈಲಿನಲ್ಲಿ ಸೆಕೆಂಡು ತೋರಿಸುವ ಗಡಿಯಾರ ತೆರೆದು ಅದರದೊಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕ್ಯಾಮೆರಾ ಎಷ್ಟು ತಪ್ಪುತ್ತಿದೆ ಎಂಬುದು ಆ ಒಂದು ಫೈಲಿನಲ್ಲಿ ಉಳಿಯುತ್ತದೆ.

ಎರಡನೆಯ ಚಿತ್ರದ ಗೆರೆ ಉಲ್ಕೆ. ಇದನ್ನು ಅದರ ಕದಿರಿನಂಥ ಆಕಾರದಿಂದ ಹೇಳುತ್ತಿಲ್ಲ, ಏಕೆಂದರೆ ಆ ಆಕಾರ ಉಪಗ್ರಹದ್ದೂ ಆಗಬಹುದು. ಉಪಗ್ರಹದ ಸಪಾಟಾದ ಫಲಕ ಕನ್ನಡಿಯಂತೆ ಬಿಸಿಲನ್ನು ಒಮ್ಮೆಲೇ ನಮ್ಮತ್ತ ತಿರುಗಿಸಿದಾಗ ಜಾಡು ಮೆಲ್ಲನೆ ಬೆಳಗಿ, ಉಬ್ಬಿ, ಅಷ್ಟೇ ಮೆಲ್ಲನೆ ಆರುತ್ತದೆ. ದೂರವಾಣಿ ಸೇವೆಯ ಮೊದಲ ತಲೆಮಾರಿನ ಇರಿಡಿಯಂ ಉಪಗ್ರಹಗಳ ನಯವಾದ ಆಂಟೆನಾ ಫಲಕಗಳು ಹೀಗೆ ಮೈನಸ್ 8ರ ಪ್ರಕಾಶಮಾನದವರೆಗೆ (ಈ ಅಂಕಿ ಇಳಿದಷ್ಟೂ ಹೊಳಪು ಹೆಚ್ಚು), ಅಂದರೆ ಶುಕ್ರನಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಹೊಳೆಯುತ್ತಿದ್ದವು. 2017ರಿಂದ 2019ರ ನಡುವೆ ಹೊಸ ತಲೆಮಾರಿನವು ಅವುಗಳ ಜಾಗಕ್ಕೆ ಬಂದ ಮೇಲೆ ಆ ಹೊಳಪುಗಳು ಅಪರೂಪವಾದವು. ಅಂತರ್ಜಾಲದಲ್ಲಿ ಉಲ್ಕೆಯೆಂದು ಹಂಚಿಕೆಯಾಗಿರುವ ಹಳೆಯ ಚಿತ್ರಗಳಲ್ಲಿ ಎಷ್ಟೋ ಇರಿಡಿಯಂ ಹೊಳಪುಗಳೇ ಎಂಬುದನ್ನು ಮಾತ್ರ ಮರೆಯಬಾರದು.

ನಿಮ್ಮ ಚಿತ್ರದಲ್ಲಿ ಆ ಸಾಧ್ಯತೆ ಇಲ್ಲವೆಂದು ತೋರಿಸುವುದು ಮತ್ತೆ ನೆರಳೇ. ಡಿಸೆಂಬರ್ 14ರ ಆ ಹೊತ್ತಿಗೆ ಸೂರ್ಯನಿಗೆ ನೇರ ಎದುರಿನ ಬಿಂದು, ಅಂದರೆ ಭೂಮಿಯ ನೆರಳಿನ ನಡುಗೆರೆ, ಮಹಾವ್ಯಾಧನ ತಲೆಗಿಂತ ತುಸು ಮೇಲಕ್ಕೆ, ವೃಷಭದ ಕೊಂಬುಗಳ ಬಳಿ ಇತ್ತು. ನಿಮ್ಮ ಗೆರೆ ಇರುವ ಇಡೀ ಪ್ರದೇಶದಲ್ಲಿ ಸುಮಾರು 10,000 ಕಿ.ಮೀ.ವರೆಗಿನ ಎತ್ತರದ ಯಾವ ಉಪಗ್ರಹಕ್ಕೂ ಆಗ ಬಿಸಿಲಿರಲಿಲ್ಲ. ಅದಕ್ಕಿಂತ ಮೇಲಿನದು ಕಾಣಬಹುದಿತ್ತು ನಿಜ, ಆದರೆ ಅಷ್ಟು ದೂರದ ಉಪಗ್ರಹ 20 ಸೆಕೆಂಡಿನಲ್ಲಿ ಹೆಚ್ಚೆಂದರೆ ಅರ್ಧ ಡಿಗ್ರಿ ಸರಿದೀತು. ನಿಮ್ಮ ಗೆರೆ 15 ಡಿಗ್ರಿ ಉದ್ದವಿದೆ. ಹಿಂದಿನ ಮುಂದಿನ ಫ್ರೇಮುಗಳಲ್ಲಿ ಅದರ ಸುಳಿವಿಲ್ಲ. ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಮಿಥುನದ ಕ್ಯಾಸ್ಟರ್ ಬಳಿಗೆ, ಜೆಮಿನಿಡ್ ಉಲ್ಕೆಗಳು ಹೊಮ್ಮುವಂತೆ ತೋರುವ ಬಿಂದುವಿಗೇ ಹೋಗಿ ಸೇರುತ್ತದೆ. ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಈ ಕಣಗಳು ಸೆಕೆಂಡಿಗೆ 35 ಕಿ.ಮೀ. ವೇಗದಲ್ಲಿ ವಾತಾವರಣವನ್ನು ಹೊಕ್ಕು, 100 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಉರಿಯುತ್ತವೆ.

ಹಸಿರು ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಉಲ್ಕೆಯ ಹಸಿರು ಕಾದ ಮೆಗ್ನೀಸಿಯಂ ಮತ್ತು ವಾತಾವರಣದ ಆಮ್ಲಜನಕದಿಂದ ಬರುತ್ತದೆ. ಅದು ಗೆರೆಯುದ್ದಕ್ಕೂ ಒಂದು ಹಂತದವರೆಗೆ ಹರಡಿ, ಕ್ರಮವಾಗಿ ಬಿಳಿಗೋ ಹಳದಿಗೋ ತಿರುಗುತ್ತದೆ. ಉಪಗ್ರಹದ್ದು ಪ್ರತಿಫಲಿತ ಬಿಸಿಲಾದ್ದರಿಂದ ಅದಕ್ಕೆ ಈ ಬಣ್ಣವಿಲ್ಲ. ಆದರೆ ಸೆನ್ಸರಿನ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುವುದರಿಂದ, ಬಹಳ ತೆಳುವಾದ ಬಿಳಿ ಗೆರೆಯಲ್ಲೂ ಬಣ್ಣದ ಕಾಳುಗಳು ಒಂದರ ಪಕ್ಕ ಒಂದು ಕಾಣಿಸಬಹುದು. ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿದಾಗ ನಿಮ್ಮದರಲ್ಲಿ ಹಸಿರು ಒಂದೇ ಸಮನೆ ಹರಡಿದೆ. ಅದು ನಿಜವಾದ ಬಣ್ಣ.

ಮೂರನೆಯ ಚಿತ್ರವೇ ನನ್ನ ಮಟ್ಟಿಗೆ ಇವುಗಳಲ್ಲಿ ಅತಿ ಬೆಲೆಯುಳ್ಳದ್ದು, ನೀವು ಅದನ್ನು ದೋಷವೆಂದು ಅಳಿಸಿಹಾಕದೆ ಇಟ್ಟುಕೊಂಡದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಸೆನ್ಸರಿನ ಪಿಕ್ಸೆಲ್ 4.3 ಮೈಕ್ರಾನ್ ಎಂದು ತಿಳಿಸಿದ್ದೀರಿ. 135 ಮಿ.ಮೀ. ಲೆನ್ಸಿನಲ್ಲಿ ಅಂಥ ಒಂದು ಪಿಕ್ಸೆಲ್ ಆಕಾಶದ ಸುಮಾರು 6.6 ಕೋನ ಸೆಕೆಂಡುಗಳಿಗೆ ಸಮ (ಒಂದು ಡಿಗ್ರಿಗೆ 60 ಕೋನ ನಿಮಿಷ, ಒಂದು ಕೋನ ನಿಮಿಷಕ್ಕೆ 60 ಕೋನ ಸೆಕೆಂಡು). ಆದ್ದರಿಂದ 137 ಪಿಕ್ಸೆಲ್ ಎಂದರೆ ಸುಮಾರು 900 ಕೋನ ಸೆಕೆಂಡು, ಅಂದರೆ 15 ಕೋನ ನಿಮಿಷ, ಹುಣ್ಣಿಮೆಯ ಚಂದ್ರನ ಅರ್ಧದಷ್ಟು ಅಗಲ. 60 ಸೆಕೆಂಡಿಗೆ 900 ಎಂದರೆ ಸೆಕೆಂಡಿಗೆ 15 ಕೋನ ಸೆಕೆಂಡು. ನಕ್ಷತ್ರಗಳು ಪೂರ್ವದಿಂದ ಪಶ್ಚಿಮಕ್ಕೆ ಸರಿಯುವಂತೆ ತೋರುವ ವೇಗವೂ ಇದೇ. ನಿಮ್ಮ ಟ್ರ್ಯಾಕರ್ ಆಕಾಶದ ಜೊತೆಗೆ ಅದೇ ವೇಗದಲ್ಲಿ ತಿರುಗುತ್ತಿತ್ತು, ಹೀಗಿರುವಾಗ ಸರಿಯಾಗಿ ಆ ವೇಗದಲ್ಲಿ ಪೂರ್ವಕ್ಕೆ ಜಾರುವಂತೆ ಕಂಡ ವಸ್ತು ನಿಜದಲ್ಲಿ ನಿಮ್ಮ ತೋಟದ ಮೇಲೆ ಅಲುಗಾಡದೆ ನಿಂತಿತ್ತು. ಅವು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳು.

ಕ್ಷುದ್ರಗ್ರಹವಾಗಿದ್ದರೆ ಹೀಗಾಗುತ್ತಿರಲಿಲ್ಲ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯ ಕ್ಷುದ್ರಗ್ರಹ ಒಂದು ನಿಮಿಷದಲ್ಲಿ ಒಂದು ಪಿಕ್ಸೆಲ್ ಕೂಡ ಸರಿಯುವುದಿಲ್ಲ. ಬಿಸಿ ಪಿಕ್ಸೆಲ್‌ಗಳಾಗಿದ್ದರೆ, ಅಂದರೆ ಬೆಳಕು ಬೀಳದೆಯೂ ಹೊಳೆಯುವ ಸೆನ್ಸರಿನ ದೋಷಗಳಾಗಿದ್ದರೆ, ಒಂದೊಂದು ಫ್ರೇಮಿನಲ್ಲಿ ಅವು ಚುಕ್ಕಿಗಳಾಗಿಯೇ ಇದ್ದು, ಫ್ರೇಮುಗಳನ್ನು ನಕ್ಷತ್ರಗಳಿಗೆ ಹೊಂದಿಸಿ ಪೇರಿಸಿದಾಗ ಮಾತ್ರ ಗೆರೆಯಾಗುತ್ತಿದ್ದವು. ನಿಜವಾದ ಆಕಾಶದ ಗೆರೆಗೆ ಅದೇ ಫ್ರೇಮಿನ ನಕ್ಷತ್ರಗಳಷ್ಟೇ ಅಗಲವೂ ಅವುಗಳಂತೆಯೇ ಮೆತ್ತನೆಯ ಅಂಚೂ ಇರುತ್ತದೆ. ಸೆನ್ಸರಿಗೆ ಬಡಿದ ಕಾಸ್ಮಿಕ್ ಕಿರಣದ ಗೀರು ಮಾತ್ರ ಒಂದೆರಡು ಪಿಕ್ಸೆಲ್ ಅಗಲದಲ್ಲಿ ಕತ್ತರಿಸಿದಂತೆ ಹರಿತವಾಗಿರುತ್ತದೆ.

ಇವು ಹಾರ್ಸ್‌ಹೆಡ್ ಚಿತ್ರದಲ್ಲೇ ಏಕೆ ಸಿಕ್ಕಿದವು ಎಂಬುದಕ್ಕೆ ಕಾರಣ ಕರ್ನಾಟಕದ ಅಕ್ಷಾಂಶ. ಭೂಸ್ಥಿರ ಕಕ್ಷೆ ಭೂಮಧ್ಯರೇಖೆಯ ನೇರ ಮೇಲಿದ್ದರೂ ನಾವು ಅದಕ್ಕಿಂತ ಉತ್ತರದಲ್ಲಿ ನಿಂತು ನೋಡುವುದರಿಂದ ಅದು ಖಗೋಳ ವಿಷುವದ್ವೃತ್ತಕ್ಕಿಂತ (ಭೂಮಧ್ಯರೇಖೆಯನ್ನು ಆಕಾಶಕ್ಕೆ ಚಾಚಿದರೆ ಸಿಗುವ ವೃತ್ತ) ತುಸು ದಕ್ಷಿಣಕ್ಕೆ ಜರುಗಿದಂತೆ ಕಾಣುತ್ತದೆ. ಈ ಜರುಗು ಚಾಮರಾಜನಗರದಿಂದ ಬೀದರ್‌ವರೆಗೆ ಸುಮಾರು 2ರಿಂದ 3 ಡಿಗ್ರಿ, ತುಮಕೂರಿನಿಂದ 2.3 ಡಿಗ್ರಿ. ನಡುಪಟ್ಟಿಯ ಎಡತುದಿಯ ಆಲ್ನಿಟಾಕ್ ನಕ್ಷತ್ರ ವಿಷುವದ್ವೃತ್ತದಿಂದ 1.9 ಡಿಗ್ರಿ ದಕ್ಷಿಣದಲ್ಲಿದೆ, ಹಾರ್ಸ್‌ಹೆಡ್ 2.5 ಡಿಗ್ರಿಗೆ ಹತ್ತಿರ. ಹೀಗಾಗಿ ನಮ್ಮ ಊರುಗಳಿಂದ ನೋಡುವಾಗ ಭೂಸ್ಥಿರ ಉಪಗ್ರಹಗಳ ಸಾಲು ಕುದುರೆಯ ನೆತ್ತಿಯನ್ನು ಸವರಿಕೊಂಡೇ ಹೋಗುತ್ತದೆ. ಉತ್ತರ ಅಕ್ಷಾಂಶ 35ರ ಸುಮಾರಿನಲ್ಲಿರುವವರಿಗೆ ಅದೇ ಸಾಲು ಮಹಾವ್ಯಾಧನ ದೊಡ್ಡ ನೀಹಾರಿಕೆಯ ಬಳಿ ಹಾಯುತ್ತದೆ. ಒಂದೇ ಉಪಗ್ರಹ, ಒಂದೊಂದು ನಾಡಿಗೆ ಒಂದೊಂದು ನಕ್ಷತ್ರದ ನೆರೆ.

ಅವುಗಳಲ್ಲಿ ಕೆಲವನ್ನು ಹೆಸರಿನವರೆಗೂ ಹಿಂಬಾಲಿಸಬಹುದು. 83 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತ ಉಪಗ್ರಹಗಳು ತುಮಕೂರಿನಿಂದ ನೋಡಿದರೆ ನಡುನೆತ್ತಿಯ ದಕ್ಷಿಣೋತ್ತರ ರೇಖೆಯಿಂದ ಸುಮಾರು 7 ಡಿಗ್ರಿ ಪೂರ್ವಕ್ಕಿರುತ್ತವೆ. ಡಿಸೆಂಬರ್ 15ರ ರಾತ್ರಿ ಹಾರ್ಸ್‌ಹೆಡ್ ಆ ಸ್ಥಾನವನ್ನು ದಾಟಿದ್ದು 12 ಗಂಟೆಯ ಆಸುಪಾಸಿನಲ್ಲಿ. ನಿಮ್ಮ ಚಿತ್ರಣ ನಡೆದದ್ದು 11:45ರಿಂದ ಸುಮಾರು 12:26ರವರೆಗೆ. ಆ ರೇಖಾಂಶ ಜಿಸ್ಯಾಟ್-30 ಸೇರಿದಂತೆ ಒಂದಕ್ಕಿಂತ ಹೆಚ್ಚು ಭಾರತೀಯ ಉಪಗ್ರಹಗಳಿಗೆ ನಿಗದಿಯಾದ ಸ್ಥಾನ. ಅವು ಹತ್ತಿರ ಹತ್ತಿರ ನಿಂತು ಒಂದಕ್ಕೊಂದು ತಾಗದಂತೆ ಇರಬೇಕಾಗುತ್ತದೆ, ಆದ್ದರಿಂದಲೇ ನಿಮ್ಮ ಚಿತ್ರದಲ್ಲಿ ಕೆಲವು ಗೆರೆಗಳು ಎರಡು ಮೂರರ ಗುಂಪಾಗಿ ಕಂಡಿರುವುದು ಸಹಜ. ಯಾವ ಗುಂಪು ಯಾವ ಫ್ರೇಮಿನಲ್ಲಿ ಹಾರ್ಸ್‌ಹೆಡ್ ನೇರಕ್ಕೆ ಬಂದಿದೆ ಎಂದು ಗುರುತಿಸಿ, ಆ ಫ್ರೇಮಿನ ಸಮಯವನ್ನು ಸ್ಟೆಲೇರಿಯಮ್‌ನಲ್ಲಿ ಹಾಕಿ ನೋಡಿ. ಇನ್ಸ್ಯಾಟ್, ಜಿಸ್ಯಾಟ್ ಸರಣಿಯ ಈ ಉಪಗ್ರಹಗಳನ್ನು ನಿಗದಿತ ಸ್ಥಾನದಿಂದ ಕದಲದಂತೆ ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ. ಅಲ್ಲಿಂದ ನಡೆಯುವ ಕೆಲಸದ ಗುರುತನ್ನು ತೋಟದಲ್ಲಿ ನಿಂತು ಸಣ್ಣ ಲೆನ್ಸಿನಲ್ಲಿ ಹಿಡಿದಿದ್ದೀರಿ ಎಂಬುದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸಂಗತಿ.

ಉಳಿದ ಗೆರೆಗಳಿಗಿಂತ ಸ್ವಲ್ಪ ಓರೆಯಾಗಿರುವ ಒಂದೆರಡನ್ನು ನೀವು ಕಾಣಬಹುದು. ಇಂಧನ ಮುಗಿದ ಭೂಸ್ಥಿರ ಉಪಗ್ರಹದ ಕಕ್ಷೆಯನ್ನು ಸೂರ್ಯ ಚಂದ್ರರ ಸೆಳೆತ ವರ್ಷದಿಂದ ವರ್ಷಕ್ಕೆ ವಾಲಿಸುತ್ತದೆ, 15 ಡಿಗ್ರಿಯವರೆಗೂ ವಾಲಿಸಬಲ್ಲದು. ನೇರ ಪೂರ್ವ ಪಶ್ಚಿಮದ ಗೆರೆ ಸಾಮಾನ್ಯವಾಗಿ ಕೆಲಸದಲ್ಲಿರುವ ಉಪಗ್ರಹದ್ದು, ಓರೆ ಗೆರೆ ಹೆಚ್ಚಾಗಿ ನಿವೃತ್ತವಾದದ್ದು. ಉದ್ದೇಶಪೂರ್ವಕವಾಗಿಯೇ ವಾಲಿಸಿದ ಕಕ್ಷೆಯಲ್ಲಿರುವ ನಾವಿಕ್ ಪಥದರ್ಶಿ ಉಪಗ್ರಹಗಳು ಇದಕ್ಕೆ ಅಪವಾದ.

ಇಷ್ಟು ದೂರದ ವಸ್ತು ಅಷ್ಟು ಚಿಕ್ಕ ಲೆನ್ಸಿಗೆ ಹೇಗೆ ಸಿಕ್ಕಿತು ಎಂದು ನೀವು ಕೇಳಬಹುದು. ಗೆರೆಯ ಗಾಢತೆಯನ್ನು ನಿರ್ಧರಿಸುವುದು ಎಕ್ಸ್‌ಪೋಷರಿನ ಉದ್ದವಲ್ಲ, ವಸ್ತು ಒಂದೊಂದು ಪಿಕ್ಸೆಲ್ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದು. ಭೂಸ್ಥಿರ ಉಪಗ್ರಹ ನಿಮ್ಮ ಒಂದು ಪಿಕ್ಸೆಲ್ ದಾಟಲು 0.44 ಸೆಕೆಂಡು ತೆಗೆದುಕೊಂಡರೆ, ಮೊದಲ ಚಿತ್ರದ ಉಪಗ್ರಹ ಇದೇ ಲೆನ್ಸಿನ ಮುಂದೆ ಬಂದಿದ್ದರೆ 0.003 ಸೆಕೆಂಡಿನಲ್ಲಿ ದಾಟಿಬಿಡುತ್ತಿತ್ತು. ಸುಮಾರು 140 ಪಟ್ಟು ಹೆಚ್ಚು ಹೊತ್ತು ಸಿಗುವುದರಿಂದ, ಕಣ್ಣಿಗೆ ಕಾಣದ 11ನೇ ಪ್ರಕಾಶಮಾನದ ಉಪಗ್ರಹವೂ ಗೆರೆ ಮೂಡಿಸುತ್ತದೆ.

ನೀಹಾರಿಕೆಯ ಚಿತ್ರ ಅಂದವಾಗಿ ಬರಬೇಕಾದರೆ ಫ್ರೇಮುಗಳನ್ನು ಪೇರಿಸಿ ಸ್ಟ್ಯಾಕ್ ಮಾಡುವಾಗ ಸಿಗ್ಮಾ ಕ್ಲಿಪ್ಪಿಂಗ್ ಆಯ್ಕೆ ಬಳಸಿ. 40 ಫ್ರೇಮುಗಳಲ್ಲಿ ಒಂದು ಜಾಗದಲ್ಲಿ ಒಮ್ಮೆ ಮಾತ್ರ ಬಂದ ಗೆರೆಯನ್ನು ಅದು ಬಹುಮಟ್ಟಿಗೆ ತೆಗೆದುಹಾಕುತ್ತದೆ. ಆದರೆ ಮೂಲ ಫ್ರೇಮುಗಳನ್ನು ದಯವಿಟ್ಟು ಉಳಿಸಿಕೊಳ್ಳಿ, ಗುರುತಿಸುವ ಕೆಲಸ ನಡೆಯುವುದು ಅವುಗಳಲ್ಲಿ ಮಾತ್ರ.

ನಿಮಗೆ ಈ ಭೂಸ್ಥಿರ ಸಾಲಿನಲ್ಲಿ ಆಸಕ್ತಿ ಹುಟ್ಟಿದ್ದರೆ ಮಾರ್ಚ್ ಎರಡನೆಯ ವಾರದಲ್ಲಿ ಅಥವಾ ಸೆಪ್ಟೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಪ್ರಯತ್ನಿಸಿ. ಹಗಲು ರಾತ್ರಿ ಸಮವಾಗುವ ದಿನಗಳ ಸುತ್ತ ಈ ಉಪಗ್ರಹಗಳ ಸೌರಫಲಕಗಳು ನಡುರಾತ್ರಿಯ ಹೊತ್ತಿಗೆ ಬಿಸಿಲನ್ನು ಬಹುತೇಕ ನೇರವಾಗಿ ನಮ್ಮತ್ತ ತಿರುಗಿಸುತ್ತವೆ, ಆಗ ಅವು ಸಣ್ಣ ದುರ್ಬೀನಿಗೆ ಕಾಣುವಷ್ಟು ಹೊಳೆದು, ಅನಂತರ ಭೂಮಿಯ ನೆರಳನ್ನು ಹೊಕ್ಕು ಹೆಚ್ಚೆಂದರೆ 70 ನಿಮಿಷ ಮರೆಯಾಗುತ್ತವೆ. ಮಾರ್ಚಿನಲ್ಲಾದರೆ ಸಿಂಹ ಮತ್ತು ಕನ್ಯಾ ರಾಶಿಗಳ ನಡುವಿನ ಪ್ರದೇಶ ನೋಡಿ. ಟ್ರ್ಯಾಕರ್ ಬೇಡ, 135 ಮಿ.ಮೀ. ಲೆನ್ಸನ್ನು ಟ್ರೈಪಾಡಿಗೆ ಬಿಗಿದು, ರಾತ್ರಿ ಹನ್ನೊಂದೂವರೆಯಿಂದ ದಕ್ಷಿಣಕ್ಕೆ, ವಿಷುವದ್ವೃತ್ತದ ತುಸು ಕೆಳಗೆ ಗುರಿಯಿಟ್ಟು 30 ಸೆಕೆಂಡಿನ ಫ್ರೇಮುಗಳನ್ನು ತೆಗೆಯುತ್ತಾ ಹೋಗಿ. ನಕ್ಷತ್ರಗಳೆಲ್ಲ ಗೆರೆಗಳಾಗಿ, ಉಪಗ್ರಹಗಳು ಮಾತ್ರ ಚುಕ್ಕಿಗಳಾಗಿ ನಿಂತಿರುತ್ತವೆ. ಪ್ರತಿ ಚುಕ್ಕಿ ಯಾವ ಫ್ರೇಮಿನಲ್ಲಿ ಆರಿತು ಎಂಬುದನ್ನು ಬರೆದಿಟ್ಟುಕೊಂಡು ನನಗೆ ಕಳಿಸಿ, ಆ ಕ್ಷಣಗಳಿಂದ ಅವುಗಳ ರೇಖಾಂಶವನ್ನು ಜೊತೆಯಾಗಿ ಲೆಕ್ಕಹಾಕೋಣ.